ಠಿಯ್ಯಾ ಕಿತ್ತ ದಿನದ ಸಹಿ

ಮಹಾಪೆಯ ನಮ್ಮ ಸೈಟಿಗೆ ಶೈಲೇಶ್ ಸಾಹೇಬರು ಇಂಜಿನಿಯರು. ಒಂದು ಸೋಮವಾರ ಬೆಳಿಗ್ಗೆ ಅವರು ಹಳದಿ ಹೆಲ್ಮೆಟ್ಟಿನ ಒಬ್ಬ ಹುಡುಗಿಯನ್ನು ತಂದು ನನ್ನ ಮುಂದೆ ನಿಲ್ಲಿಸಿದರು.

"ಕಾಕಾ, ಕಾಲೇಜಿನಿಂದ ಟ್ರೇನಿಂಗಿಗೆ ಬಂದಿದ್ದಾಳೆ. ಮೂವತ್ತಾರು ದಿನ ನಿಮ್ಮ ಪ್ಲಾಸ್ಟರ್ ಗ್ಯಾಂಗಿನ ಜೊತೆ ಇರಲಿ. ನನಗೆ ಎರಡು ಸೈಟು, ಪುರುಸೊತ್ತಿಲ್ಲ. ಕೆಲಸ ತೋರಿಸಿ, ದಿನಾ ಡೈರಿಗೆ ಸಹಿ ಹಾಕಿ."

ನಾನು ತಲೆ ಆಡಿಸಿದೆ. ಆ ಹುಡುಗಿ ನನ್ನ ಮೊಮ್ಮಗಳು ಜ್ಯೋತಿ ಎಂದು ಬಾಯಿ ಬಿಡಲಿಲ್ಲ. ಡೊಂಬಿವಲಿಯಿಂದ ಬರುವಾಗ ಬಸ್ಸಿನಲ್ಲಿ ಅವಳೇ ತಾಕೀತು ಮಾಡಿದ್ದಳು. ಸೈಟಿನಲ್ಲಿ ಸಂಬಂಧ ಎತ್ತಬಾರದು, ಜನ ವಶೀಲಿ ಅಂತಾರೆ, ನನ್ನನ್ನು ನೀನು ನೋಡಿಯೇ ಇಲ್ಲ ಎನ್ನುವ ಹಾಗಿರು.

ಈ ಗುಟ್ಟು ಮಧ್ಯಾಹ್ನದ ಊಟದ ತನಕ ಬದುಕಿತು. ಎರಡನೇ ಮಾಳಿಗೆಯಿಂದ ಬಗ್ಗಿ, ಇಪ್ಪತ್ತು ಜನ ಕೇಳುವ ಹಾಗೆ ಅವಳೇ ಕೂಗಿದಳು: "ಮುತ್ಯಾ, ಮೇರಾ ಡಬ್ಬಾ ನಿನ್ನ ಚೀಲದಾಗ ಅದ ಕ್ಯಾ?"

ಸಿದ್ರಾಮ ರಾಯಚೂರು ಕಡೆಯವನು, ಇಪ್ಪತ್ತು ವರ್ಷದಿಂದ ನನ್ನ ಜೊತೆ ಕರಣಿ ಹಿಡಿದವನು. ಗಚ್ಚು ಎರಚುವುದು ಬಿಟ್ಟು ನನ್ನ ಮುಖ ನೋಡಿದ.

"ಮೇಸ್ತ್ರಿಯವ್ರ, ಕಾಲೇಜಿನವ್ರು ಹುಡುಗಿ ಕೂಡ ಮುತ್ಯಾನ್ನೂ ಕಳಿಸ್ಯಾರೇನ್ರಿ?"

ನಾನು ಓದಿದ್ದು ಮೂರನೇ ಇಯತ್ತೆ. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ, ಸಹಿ ಬರುತ್ತದೆ, ಇಂಗ್ಲಿಷು ಬಾರದು. ಈ ಕಡೆ ಇನ್ನೂ ಕೆಸರುಗದ್ದೆ ಇದ್ದ ಕಾಲದಲ್ಲಿ, ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಮಾಡದ ತಪ್ಪು ಒಪ್ಪಿಕೊಂಡು ಊರಿಗೆ ಮರಳಿದವರನ್ನು ನೋಡಿದ್ದೇನೆ. ಹಾಗಾಗಿ ಏನು ಬರೆದಿದೆ ಎಂದು ಕೇಳದೆ ನಾನು ಸಹಿ ಹಾಕುವವನಲ್ಲ. ಮೊಮ್ಮಗಳಾದರೂ ಅಷ್ಟೇ. ಅವಳು ಇಂಗ್ಲಿಷಿನಲ್ಲಿ ಬರೆಯಬೇಕು, ಸಂಜೆ ಚಹಾದ ಹೊತ್ತಿಗೆ ಅದನ್ನೇ ಕನ್ನಡದಲ್ಲಿ ಓದಿ ಹೇಳಬೇಕು.

ಡೊಂಬಿವಲಿಯಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಆಡುವಾಗ ಮಾತ್ರ ಹಿಂದಿ ಮರಾಠಿ ಎಲ್ಲ ಕೈ ಹಿಡಿದುಕೊಂಡು ಬರುತ್ತವೆ. ಗ್ಯಾಂಗಿನವರಿಗೆ ಅದು ಚಹಾಕ್ಕಿಂತ ರುಚಿ.

"ಇವತ್ತು ನಾನು ಇಟ್ಟಂಗಿ ಕಾ ತಪಾಸಣಿ ಮಾಡಿತು," ಎಂದು ಓದುತ್ತಾಳೆ.

"ಇಟ್ಟಂಗಿಗೆ ಜ್ವರ ಇತ್ತೇನವ್ವ?" ಎನ್ನುತ್ತಾಳೆ ಬುಟ್ಟಿ ಹೊರುವ ಚಂದವ್ವ.

ಜ್ಯೋತಿ ನಗುವುದಿಲ್ಲ. ಅವಳಿಗೆ ಲೆಕ್ಕವೊಂದೇ. ಮೂವತ್ತಾರು ದಿನ, ಮೂವತ್ತಾರು ಸಹಿ. ಒಂದು ಕಡಿಮೆ ಬಿದ್ದರೂ ಟ್ರೇನಿಂಗು ರದ್ದು, ಇಡೀ ವರ್ಷ ಮತ್ತೆ ಓದಬೇಕು.

ಹದಿನೈದನೇ ದಿನ ನನಗೆ ಹಲ್ಲುನೋವು. ದವಾಖಾನೆಗೆ ಹೋಗಿ ಮಧ್ಯಾಹ್ನ ಬಂದೆ. ಸಿದ್ರಾಮ ಬೆಳಿಗ್ಗೆಯಿಂದ ನಾಲ್ಕನೇ ಮಾಳಿಗೆಯಲ್ಲಿದ್ದ. ಮೂರನೆಯದರಲ್ಲಿ ಜ್ಯೋತಿಯದೇ ರಾಜ್ಯ.

ಪ್ಲಾಸ್ಟರು ಮಾಡುವ ಮುಂಚೆ ನಾವು ಗೋಡೆಗೆ ಅಲ್ಲಲ್ಲಿ ಒಂದು ಹಿಡಿ ಗಚ್ಚು ಮೆತ್ತಿ, ಮೇಲೆ ನೆಲಕ್ಕೆ ಹಾಸುವ ಫರಶಿ ಕಲ್ಲಿನ ಚೂರು ಕೂಡಿಸುತ್ತೇವೆ. ತೂಗುಗುಂಡು ಬಿಟ್ಟು, ದಾರ ಕಟ್ಟಿ, ಎಲ್ಲವನ್ನೂ ಒಂದೇ ನೇರಕ್ಕೆ ತರುತ್ತೇವೆ. ಇದಕ್ಕೆ ಠಿಯ್ಯಾ ಅನ್ನುತ್ತಾರೆ. ಅದು ಒಣಗಿದ ಮೇಲೆ, ಪ್ಲಾಸ್ಟರು ಅದರ ಮಟ್ಟಕ್ಕೆ ಬಂದು ನಿಂತರೆ ಗೋಡೆ ನೆಟ್ಟಗೆ. ನೋಡುವುದಕ್ಕೆ ಮಾತ್ರ ಗೋಡೆಗೆ ಗಂಟು ಎದ್ದ ಹಾಗೆ ಕಾಣುತ್ತದೆ. ಸಿದ್ರಾಮ ಎರಡು ದಿನ ಕೂತು ಮೂರು ಖೋಲಿಗೆ ಠಿಯ್ಯಾ ಹಾಕಿ ಮುಗಿಸಿದ್ದ.

ಜ್ಯೋತಿಯ ಪುಸ್ತಕದಲ್ಲಿ, ಪ್ಲಾಸ್ಟರಿಗೆ ಮುಂಚೆ ಗೋಡೆಗೆ ಅಂಟಿದ ಗಚ್ಚನ್ನೆಲ್ಲ ಕೆರೆದು ಸಾಫು ಮಾಡಬೇಕು ಎಂದಿದೆಯಂತೆ. ಸರಿಯೇ, ಇದೆ. ಯಾವ ಗಚ್ಚು ಎಂದು ಪುಸ್ತಕ ಹೇಳಿಲ್ಲ.

"ಬಾಯಿಯವ್ರ, ಒಂದ್ ಮಾತು ಸಿದ್ರಾಮಗ ಕೇಳೂಣೇನ್ರಿ?" ಅಂದಿದ್ದಳಂತೆ ಚಂದವ್ವ.

"ಬುಕ್ ಮೇ ಲಿಖಾ ಹೈ," ಅಂದಿದ್ದಳಂತೆ ಇವಳು, ಮೊಬೈಲು ತೋರಿಸಿ.

ಚಂದವ್ವನಿಗೆ ಠಿಯ್ಯಾ ಏನೆಂದು ನನ್ನಷ್ಟೇ ಗೊತ್ತು. ಆದರೆ ಇಂಜಿನಿಯರು ಎಂದು ಹೆಲ್ಮೆಟ್ಟು ಹಾಕಿಕೊಂಡವರಿಗೆ ಎರಡನೇ ಸಲ ಕೇಳುವ ರೂಢಿ ನಮ್ಮ ಸೈಟುಗಳಲ್ಲಿ ಯಾರೂ ಅವಳಿಗೆ ಮಾಡಿಸಿಲ್ಲ. ಸುತ್ತಿಗೆ ತಗೊಂಡು ಕಿತ್ತಳು.

ನಾನು ಮೆಟ್ಟಿಲು ಹತ್ತಿ ಬಂದಾಗ ಮೂರೂ ಖೋಲಿ ತಿಕ್ಕಿದ ತಾಟಿನ ಹಾಗಿದ್ದವು. ಸಿದ್ರಾಮ ಸಿಮೆಂಟು ಚೀಲದ ಮೇಲೆ ಕೂತಿದ್ದ.

"ಬರ್ರಿ ಮೇಸ್ತ್ರಿಯವ್ರ. ಹೆಂಗ ಲಕಲಕ ಅಂತಾವ ನೋಡ್ರಿ. ಇನ್ನ ಒಂದ್ ರಂಗೋಲಿ ಹಾಕಿ ವಾಸ್ತು ಮಾಡಿಬಿಡೂಣು."

ಜ್ಯೋತಿ ಮೈಯೆಲ್ಲ ಧೂಳು ಮಾಡಿಕೊಂಡು ನಿಂತಿದ್ದಳು. "ಚೆಂದ ಆಯ್ತು ನಾ, ಮುತ್ಯಾ?"

ಸಿದ್ರಾಮ ಎದ್ದು, ನೆಲದಿಂದ ಒಂದು ಫರಶಿ ಚೂರು ಹೆಕ್ಕಿ, ಅದು ಏನು, ಯಾಕೆ, ಎಲ್ಲಿತ್ತು ಎಂದು ನಿಧಾನ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಹುಡುಗಿಯ ಮುಖದಲ್ಲಿ ಧೂಳು ಒಂದೇ ಉಳಿದಿತ್ತು.

ಸಂಜೆ ಚಹಾ ಬಂತು. ಜ್ಯೋತಿ ಡೈರಿ ತೆರೆದು, "ಇವತ್ತು ಮೂರು ಖೋಲಿ ಗೋಡೆ ಸಾಫ್ ಆಯ್ತು," ಎಂದು ಓದಿ ಮುಚ್ಚಿದಳು.

"ಅಷ್ಟೇನು?" ಎಂದೆ.

"ಅಷ್ಟೇ."

ನಾನು ಪೆನ್ನಿನ ಟೋಪಿ ಹಾಕಿದೆ. "ಇದಕ್ಕ ಸಹಿ ಆಗಂಗಿಲ್ಲ."

"ಮುತ್ಯಾ, ಏಕ್ ಭೀ ಸಹಿ ಕಮ್ ಆದ್ರೆ ನನ್ನ ವರ್ಷ ಹೋಗ್ತದೆ."

"ಗೊತ್ತದ."

"ತಪ್ಪು ಬರೆದ್ರೆ ಸರ್ ಫೇಲ್ ಮಾಡ್ತಾರೆ."

"ಬರೀದಿದ್ರ ನಾ ಮಾಡ್ತೀನಿ."

ಚಂದವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಿದ್ರಾಮ ಬಶಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಬರಿಯವ್ವ, ಬರಿ. ನನ್ನ ಹೆಸರೂ ಹಾಕು. ಎರಡು ದಿನ ಗೋಡಿಗೆ ಗಂಟು ಕಟ್ಟಿದ ಶಾಣ್ಯಾ ಯಾರಂತ ಕಾಲೇಜಿಗೂ ತಿಳೀಲಿ," ಎಂದ.

ಅವಳು ಕಂಬದ ಹಿಂದೆ ಹೋಗಿ ಬಹಳ ಹೊತ್ತು ಬರೆದಳು. ಬಂದು ಓದಿದಳು. "ಠಿಯ್ಯಾ ಏನು, ನಂಗೆ ಗೊತ್ತಿರಲಿಲ್ಲ. ಚಂದವ್ವ ಕೇಳೋಣ ಅಂದಳು, ನಾನು ಕೇಳಲಿಲ್ಲ. ಸಿದ್ರಾಮ ಕಾಕಾನ ಎರಡು ದಿನದ ಕೆಲಸ ನಾನು ಕೆಡಿಸಿತು."

ಆ ‘ಕೆಡಿಸಿತು’ಗೆ ಅವತ್ತು ಯಾರೂ ನಗಲಿಲ್ಲ. ನಾನು ಸಹಿ ಹಾಕಿದೆ.

ಮರುದಿನದಿಂದ ಸಿದ್ರಾಮ ಅವಳ ಕೈಯಲ್ಲೇ ಠಿಯ್ಯಾ ಹಾಕಿಸಿದ. ತೂಗುಗುಂಡು ಹಿಡಿದರೆ ಅಲ್ಲಾಡುವುದು ನಿಲ್ಲುವ ತನಕ ಕಾಯಬೇಕು. ಅವಳು ಕಾಲು ಬದಲಿಸುತ್ತಾಳೆ, ಗಡಿಯಾರ ನೋಡುತ್ತಾಳೆ. "ನಿಂದರು, ನಿಂದರು," ಎನ್ನುತ್ತಾನೆ ಇವನು. "ಅದಕ್ಕ ನಿಮ್ಮ ಪರೀಕ್ಷಾ ಟೈಮ್ ಗೊತ್ತಿಲ್ಲ." ಒಂದು ಠಿಯ್ಯಾ ಅರ್ಧ ಬೆರಳು ಮುಂದೆ ಬಂತು. ಸಿದ್ರಾಮ ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟ. "ಕೀಳು. ಅದಂತೂ ನಿಂಗ ಛಲೋ ಬರ್ತದ."

ಮೂವತ್ತಾರು ದಿನ ಮುಗಿದವು, ಡೈರಿ ಕಾಲೇಜಿಗೆ ಹೋಯಿತು. ಎರಡು ವಾರಕ್ಕೆ ಅಲ್ಲಿಂದ ಕರೆ ಬಂತು. ಅವಳ ಸರ್‌ಗೆ ಆ ಸಹಿಗಳು ಯಾವ ಲಿಪಿ ಎಂದೇ ತಿಳಿದಿರಲಿಲ್ಲ. ಅದು ಹಣಮಂತ್ರಾಯ ಎಂಬ ನನ್ನ ಹೆಸರೆಂದು ಇವಳೇ ಓದಿ ಹೇಳಿದ್ದಾಳೆ. ಇವಳ ಅರ್ಜಿಯಲ್ಲಿ ಅಪ್ಪನ ಹೆಸರು ಅನಿಲಕುಮಾರ ಹಣಮಂತ್ರಾಯ. ಸೈಟಿನ ಮುಖ ನೋಡದೆ ನೆಂಟರಿಂದ ಸಹಿ ತರುವ ಹುಡುಗರನ್ನು ಆ ಸರು ಬೇಕಾದಷ್ಟು ಕಂಡವರು. ಸಹಿ ಹಾಕಿದವರನ್ನು ಕರೆದುಕೊಂಡು ಬಾ, ಇಲ್ಲವಾದರೆ ಈ ಟ್ರೇನಿಂಗು ಹಿಡಿಯುವುದಿಲ್ಲ ಎಂದಿದ್ದಾರೆ.

ಒಗೆದ ಧೋತರ ಉಟ್ಟು ಹೊರಟೆ. ಥಾಣೆಯಲ್ಲಿ ಗಾಡಿ ಬದಲಿಸಿ, ಅವಳ ಕಾಲೇಜಿರುವ ಐರೋಲಿಗೆ. ದಾರಿಯುದ್ದಕ್ಕೂ ಜ್ಯೋತಿ ಒಂದೇ ಮಾತು ಹೇಳಿದಳು: "ಮುತ್ಯಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡು."

ಸರು ಒಳ್ಳೆಯವರೇ. ಕುರ್ಚಿ ಕೊಟ್ಟು ಮರಾಠಿಯಲ್ಲಿ ಮಾತಾಡಿದರು.

"ಕಾಕಾ, ನಿಜ ಹೇಳಿ. ಹುಡುಗಿ ಸೈಟಿಗೆ ಬಂದಿದ್ದಳೋ, ಮನೆಯಲ್ಲೇ ಕೂತು ಬರೆದಳೋ?"

"ಮೂವತ್ತಾರು ದಿನ ಬಂದಾಳ, ಸಾಹೇಬ," ಎಂದು ನಾನೂ ಮರಾಠಿಯಲ್ಲೇ ಹೇಳಿದೆ.

"ಇಲ್ಲಿ ಮೂವತ್ತೈದೇ ಇವೆಯಲ್ಲ. ಎರಡು ಸಲ ಎಣಿಸಿದೆ."

ಜ್ಯೋತಿ ತಲೆಯ ಮೇಲಿನ ಫ್ಯಾನನ್ನು ನೋಡತೊಡಗಿದಳು. ನಾನು ಡೈರಿ ಕೇಳಿ ಇಸಿದುಕೊಂಡು ಒಂದೊಂದೇ ಹಾಳೆ ತಿರುವಿದೆ. ಇಂಗ್ಲಿಷು ಓದಲು ಬಾರದಿದ್ದರೂ ದಪ್ಪ ತೆಳುವು ಬೆರಳಿಗೆ ತಿಳಿಯುತ್ತದೆ. ನಡುವೆ ಒಂದು ಹಾಳೆ ದಪ್ಪ ಬಂತು. ಎರಡು ಹಾಳೆಗೆ ಅಂಚಿನಲ್ಲಿ ಗೋಂದು ಹಚ್ಚಿ ಒಂದು ಮಾಡಿದ್ದಳು. ಉಗುರು ತೂರಿಸಿ ಬಿಡಿಸಿ ಸರ್ ಮುಂದೆ ಇಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಮೂರೂ ಖೋಲಿಯದು ಕಿತ್ತಳೇ?"

"ಮೂರೂ, ಸಾಹೇಬ. ಒಂದೂ ಬಿಟ್ಟಿಲ್ಲ. ಕೆಲಸ ಹಿಡಿದರ ಪೂರಾ ಮಾಡ್ತಾಳ."

ಸರು ಕುರ್ಚಿಗೆ ಒರಗಿ ಬಹಳ ಹೊತ್ತು ನಕ್ಕರು. ಆಮೇಲೆ ಮೇಜಿನ ಮೇಲಿನ ಡೈರಿಗಳ ರಾಶಿ ತೋರಿಸಿದರು. "ಇಷ್ಟೂ ಓದಿದೆ ಕಾಕಾ. ಒಬ್ಬನೂ ಒಂದು ದಿನವೂ ತಪ್ಪು ಮಾಡಿಲ್ಲ. ಇಂಥದ್ದನ್ನು ಮನೆಯಲ್ಲಿ ಕೂತು ಬರೆಯಲಿಕ್ಕೆ ಆಗುವುದಿಲ್ಲ." ಡೈರಿಯ ಕೊನೆಯ ಹಾಳೆಗೆ ಕಾಲೇಜಿನ ಮುದ್ರೆಯ ಸಿಕ್ಕಾ ಒತ್ತಿ, ಜ್ಯೋತಿಯ ಕಡೆ ತಿರುಗಿದರು. "ಪಾಸು. ಆದರೆ ಸೋಮವಾರ ಈ ಹಾಳೆಯನ್ನು ಕ್ಲಾಸಿನಲ್ಲಿ ನಿಂತು ಓದಬೇಕು. ಎಲ್ಲರಿಗೂ ಕೇಳುವ ಹಾಗೆ."

"ಸರ್," ಎಂದಳು ಅವಳು. ಅದು ಹೂಂ ಎಂದದ್ದೋ ಬೇಡ ಎಂದದ್ದೋ ತಿಳಿಯಲಿಲ್ಲ.

ಹೊರಗಿನ ಪಡಸಾಲೆಗೆ ಬಂದ ಮೇಲೆ ಡೈರಿಯನ್ನು ಎದೆಗೆ ಅವಚಿಕೊಂಡು ನನ್ನ ಮೇಲೆ ಏರಿ ಬಂದಳು. "ಒಂದೂ ಬಿಟ್ಟಿಲ್ಲ ಅಂತ ಹೇಳೋದು ಜರೂರಿ ಇತ್ತಾ?"

"ಕೇಳಿದ್ರು, ಹೇಳ್ದೆ. ನೀನ ಅಂದಿದ್ದಿಯಲ್ಲ?"

ಮುಖ ತಿರುಗಿಸಿ ಮುಂದೆ ನಡೆದವಳು ಪಡಸಾಲೆಯ ತುದಿಯಲ್ಲಿ ನಿಂತಳು. ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದಳು.

"ಮುತ್ಯಾ, ಈ ಗೋಡೆ ಸೊಟ್ಟ ಅದ."

ನಾನೂ ಬಗ್ಗಿ ನೋಡಿದೆ. ನಿಜ, ನಡುವೆ ಒಂದು ಬೆರಳು ಹೊಟ್ಟೆ ಬಂದಿತ್ತು.

"ಸರ್‌ಗೆ ಹೇಳಿ ಬರಲಾ?"

"ಮೊದಲು ಸಿಕ್ಕಾ ಒಣಗಲಿ," ಎಂದೆ.