ಮಾಳಿಗೆಯ ಮೇಲಿನ ಬರಣಿ

ಯಾರ ಮನೆಗೆ ಹೋದರೂ ಬಸವಂತರಾಯರು ಕುಳಿತುಕೊಳ್ಳುವ ಮುನ್ನ ಗೋಡೆಯ ಗೂಡಿನೊಳಗೆ ತೋರುಬೆರಳನ್ನು ಎಳೆದು, ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಧೋತರಕ್ಕೆ ಬೆರಳೊರೆಸಿ, ಕೊಟ್ಟ ಚಹಾ ಕುಡಿದು ಬರುತ್ತಿದ್ದರು. ಶಹಾಬಾದಿನ ಗೃಹಿಣಿಯರಿಗೆ ಇದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಅವರು ಬರುವ ಸುಳಿವು ಸಿಕ್ಕರೆ ಸಾಕು, ಓಣಿಯ ಕಸಬರಿಗೆಗಳಿಗೆಲ್ಲ ಕೆಲಸ ಹತ್ತುತ್ತಿತ್ತು.

ಅವರು ಸಿಮೆಂಟು ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ರಸಾಯನಜ್ಞರು. ನಡೆಯುವಾಗ ದೃಷ್ಟಿ ಸದಾ ಚಿಮಣಿಯ ತುದಿಯಲ್ಲಿ. ಹೀಗಾಗಿ ದಾರಿಯ ಫರಸಿಕಲ್ಲುಗಳ ಮೇಲೆ ಎಡವದ ದಿನವೇ ಇಲ್ಲ. ಮೈಮೇಲೆ ಒಂದೇ ಕರಿಯ ಕೋಟು, ಅದರ ಭುಜಗಳೆರಡೂ ಬೂದಿಬಣ್ಣಕ್ಕೆ ತಿರುಗಿದ್ದವು. ಮಳೆಯಿರಲಿ, ಚಳಿಯಿರಲಿ, ಆ ಕೋಟನ್ನು ಹೊಸ್ತಿಲ ಹೊರಗಿನ ಮೊಳೆಗೆ ನೇತುಹಾಕಿಯೇ ಒಳಗೆ ಕಾಲಿಡುವುದು ಅವರ ಹಠ. ಜನ ಹುಚ್ಚೆಂದು ನಕ್ಕರು. ಹುಚ್ಚಲ್ಲ, ಒಳಗೆ ಹೆಂಡತಿ ಲಲಿತಾಬಾಯಿ ದಮ್ಮು ಹತ್ತಿ ಗೋಡೆಗೊರಗಿ ಕುಳಿತಿರುತ್ತಿದ್ದಳು. ಔಷಧ ಬರೆದುಕೊಟ್ಟ ಡಾಕ್ಟರಿಗೆ ಗಾಳಿ ಬದಲಿಸುವ ಶಕ್ತಿ ಇರಲಿಲ್ಲ.

ಎಪ್ಪತ್ತರ ದಶಕದ ನಡುವೆ, ಅರ್ಜಿಯ ಮೇಲೆ ಅರ್ಜಿ ಕೊಟ್ಟು ರಾಯರು ಗುಲ್ಬರ್ಗಾದ ಸರಕಾರಿ ಸಾಹೇಬರೊಬ್ಬರನ್ನು ಕೊನೆಗೂ ಒಪ್ಪಿಸಿದರು: ಓಣಿಯಲ್ಲಿ ಮಿತಿಮೀರಿ ಧೂಳು ಬೀಳುತ್ತಿರುವುದು ರುಜುವಾತಾದರೆ, ಚಿಮಣಿಗೆ ಧೂಳು ಹಿಡಿಯುವ ಯಂತ್ರ ಕೂಡಿಸಲು ಕಾರ್ಖಾನೆಗೆ ಹುಕುಂ ಹೋಗುತ್ತದೆ. ರಾಯರು ತಮ್ಮ ಮಾಳಿಗೆಯ ಮೇಲೊಂದು, ನೆರೆಮನೆಯ ಹಸೀನಾಬೇಗಂ ಅವರ ಮಾಳಿಗೆಯ ಮೇಲೊಂದು ಅಗಲಬಾಯಿಯ ಗಾಜಿನ ಬರಣಿಯಿಟ್ಟು ನೀರು ಹೊಯ್ದರು. ತಿಂಗಳಿಡೀ ಉದುರಿದ ಧೂಳು ಆ ನೀರಿನಲ್ಲಿ ಇಳಿದು ಕೂಡುತ್ತದೆ. ನೀರಾರಿಸಿ ಉಳಿದುದನ್ನು ತೂಗಿದರೆ ಆಕಾಶದ ನಿಜ ಹೊರಬೀಳುತ್ತದೆ. ಒಳಗಿನ ಗಾಳಿಗೆ ಬೇರೆ ಉಪಾಯ: ಎಣ್ಣೆ ಸವರಿದ ಬಿಳಿಯ ಕಾಗದವೊಂದನ್ನು, ಒಲೆಯ ಹೊಗೆ ತಾಗದಷ್ಟು ದೂರದಲ್ಲಿ, ಲಲಿತಾಬಾಯಿಯ ಮಂಚದ ಮೇಲಿನ ಗೋಡೆಗೆ ಅಂಟಿಸಿದರು.

ಇದೇನೆಂದು ಆಕೆ ಕೇಳಿದಳು. ನೀನು ಉಸಿರಾಡುತ್ತಿರುವುದು ವಿಷ, ಅದು ನಮಗೆ ಅನ್ನ ಕೊಡುವ ಚಿಮಣಿಯಿಂದಲೇ ಬರುತ್ತಿದೆ ಎಂದು ಹೇಳುವ ಎದೆ ಅವರಿಗಿರಲಿಲ್ಲ.

"ಮಳಿ ಅಳೀಲಿಕ್ಕ ಬರಣಿ ಇಟ್ಟೀನಿ, ಕಾಗದ ಥಂಡಿ ನೋಡ್ಲಿಕ್ಕ. ಸಾಹೇಬರು ಬಂದು ಒಯ್ತಾರ," ಎಂದುಬಿಟ್ಟರು. ಹಸೀನಾಬೇಗಂ ಅವರಿಗೂ ಅದೇ ಮಾತು ಮುಟ್ಟಿತು.

ಸಾಹೇಬರು ಬರುವ ದಿನ ರಾಯರು ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದರು. ಎಂದೂ ಮಾತಾಡದ ಮನುಷ್ಯ ದಾರಿಯುದ್ದಕ್ಕೂ ಮಾತಾಡಿದರು. ಮನೆಗೆ ಬಂದು ನೋಡಿದರೆ, ಅಂಗಳದ ಕಟ್ಟೆಯ ಮೇಲೆ ಬರಣಿಗಳೆರಡೂ ಥಳಥಳ ಹೊಳೆಯುತ್ತಿದ್ದವು. ಒಂದರಲ್ಲಿ ಹುರಿದ ಶೇಂಗಾ, ಇನ್ನೊಂದರಲ್ಲಿ ಹಸೀನಾಬೇಗಂ ಕೊಟ್ಟ ಉತ್ತತ್ತಿ. ಒಳಗೆ ಗೋಡೆಗೆ ಹೊಸ ಸುಣ್ಣ. ಕಾಗದ ಒಲೆಗೆ ಹೋಗಿತ್ತು. ಎರಡು ಹೆಜ್ಜೆಗೊಮ್ಮೆ ಕುಳಿತು ಸುಧಾರಿಸಿಕೊಳ್ಳುವ ಲಲಿತಾಬಾಯಿ ಅದು ಹೇಗೆ ಮಾಳಿಗೆ ಹತ್ತಿ ಇಳಿದಿದ್ದಳೋ.

"ತಳದಾಗ ರಾಡಿ ಗಟ್ಟಿ ಕುಂತಿತ್ರಿ," ಎಂದಳು ಆಕೆ ಏದುಸಿರು ಬಿಡುತ್ತ. "ಮಂದಿ ಭಾಂಡಿ ಹೊಲಸ ಇಟ್ಟು ಹೆಂಗ ಕೊಡೂದು? ಬೂದಿ ಹಚ್ಚಿ ತಿಕ್ಕೀನಿ. ಖಾಲಿ ಕೊಡಬಾರದಂತ ನಾಕು ಶೇಂಗಾ ಹಾಕೀನಿ."

ಸಾಹೇಬರು ನಕ್ಕು, ಶೇಂಗಾ ಬಾಯಿಗೆ ಹಾಕಿಕೊಂಡರು. ರಾಯರು ಇನ್ನೊಂದು ತಿಂಗಳ ಅವಕಾಶ ಬೇಡಿದರು. ಪರೀಕ್ಷೆಗೆ ಮಂಜೂರಾತಿ ಒಂದೇ ಸಲ ಎಂದು ಸಾಹೇಬರು ಸಂಜೆಯ ಗಾಡಿ ಹಿಡಿದರು. ಧೂಳಿಗೆ ಆಧಾರವಿಲ್ಲವೆಂದು ವರದಿ ಬಂತು, ಚಿಮಣಿ ಹಾಗೆಯೇ ಉಗುಳುತ್ತಿತ್ತು.

ರಾಯರು ಹೆಂಡತಿಗೆ ಒಂದು ಕಟುನುಡಿಯನ್ನೂ ಆಡಲಿಲ್ಲ. ಸಾಹೇಬರು ಹೋದ ಸಂಜೆಯೇ ಆಕೆ, "ಚಂದ ತಿಕ್ಕೀನಿಲ್ರಿ?" ಎಂದು ಕೇಳಿದಾಗ, "ಭಾಳ ಚಂದ ತಿಕ್ಕೀದಿ" ಎಂದರು. ಮುಂದಿನ ಚಳಿಗಾಲವನ್ನು ಲಲಿತಾಬಾಯಿ ದಾಟಲಿಲ್ಲ. ಬರಣಿ ಮಳೆಗಾಗಿ ಇಟ್ಟದ್ದೆಂದೇ ನಂಬಿ ಹೋದಳು. ಅನಂತರ ರಾಯರು ಯಾರ ಮನೆಯ ಗೂಡಿಗೂ ಬೆರಳು ತಾಗಿಸಿದ್ದನ್ನು ಕಂಡವರಿಲ್ಲ.

ಇಂಥವರದೊಂದು ಪಂಗಡವೇ ಲೋಕದಲ್ಲಿದೆ. ಕಣ್ಣಿಗೆ ಕಾಣದ್ದನ್ನು ತೂಗಿ ತೋರಿಸಬಲ್ಲವರು, ಅಧಿಕಾರದ ಮುಂದೆ ನಿಜ ನುಡಿಯಲು ಹಿಂಜರಿಯದವರು. ಆದರೆ ಯಾರಿಗಾಗಿ ಅಷ್ಟೆಲ್ಲ ಅಳೆಯುತ್ತಾರೋ, ನೊಂದುಕೊಂಡಾರೆಂದು ಅವರೊಬ್ಬರಿಂದಲೇ ನಿಜವನ್ನು ಮುಚ್ಚಿಡುತ್ತಾರೆ. ಅವರ ಪ್ರೀತಿಯೇ ಅವರ ಸಾಕ್ಷ್ಯವನ್ನು ತೊಳೆದುಹಾಕುತ್ತದೆ. ಕೊನೆಗೆ ಉಳಿಯುವುದು ಇಷ್ಟೇ: ಹೊರಗೆ ಬಿಡಬೇಕಾದ ಕಾರಣವೇ ಇಲ್ಲದೆ, ಮನೆಯೊಳಗೆ ಬಂದು ನೇತಾಡುವ ಬೂದಿಬಣ್ಣದ ಒಂದು ಕೋಟು.