ತುಳಜಾಬಾಯಿಯ ನತ್ತು

ನಾರಾಯಣಪುರದ ಆಚೆಗಿನ ಗುಡ್ಡದಲ್ಲಿ ಕುರಿ ಕಾಯುತ್ತಲೇ ಚಿತ್ರ ಕಲಿತವನು ಅಮೋಘಸಿದ್ದಪ್ಪ. ಸುತ್ತಲಿನ ಗುಡಿಗಳ ಗೋಡೆ ತುಂಬ ಅವನು ಬರೆದ ದೇವರುಗಳೇ. ದೇವರನ್ನು ಬರೆಯುವುದು ಸುಲಭ ಬಿಡಿ. ಹೋಲಿಕೆ ತಪ್ಪಿತೆಂದು ಯಾವ ದೇವರೂ ಜಗಳಕ್ಕೆ ಬರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಹೆಂಡತಿ ಬಾಳಮ್ಮ, "ನಂದೂ ಒಂದು ಚಿತ್ರ ತೆಗೀರಲ್ಲ," ಎಂದು ಕೇಳಿದ್ದಳು. "ನಿನ್ನ ಮಾರಿ ಬರದು ಯಾವ ಗುಡ್ಯಾಗ ಇಡ್ಲಿ?" ಎಂದು ಅವನು ನಕ್ಕಿದ್ದ. ಅವಳೂ ನಕ್ಕಳು, ಮತ್ತೆ ಕೇಳಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಹುಮನಾಬಾದದ ಮಹಾರುದ್ರಪ್ಪ ಸಾಹುಕಾರರು ಅವನನ್ನು ಕರೆಸಿದರು. ತಾಯಿ ತುಳಜಾಬಾಯಿ ತೀರಿಕೊಂಡಾಗ ಸಾಹುಕಾರರಿಗಿನ್ನೂ ನಾಲ್ಕೈದು ವರ್ಷ. ಫೋಟೋ ಒಂದೂ ಇರಲಿಲ್ಲ.

"ಹಣಿ ತುಂಬ ವಿಭೂತಿ, ಮೂಗಿನ್ಯಾಗ ಮುತ್ತಿನ ನತ್ತು. ಮಾರಿ ಮಾತ್ರ ನೆನಪಿಗಿ ಬರವಲ್ದು. ನೀ ಬರಿ, ನೋಡಿದ್ರ ನಾ ಗುರ್ತ ಹಿಡೀತೀನಿ," ಎಂದರು.

ವಿಭೂತಿ ಬಂತು, ನತ್ತೂ ಬಂತು. ನಡುವೆ ಮುಖವೇ ಇಲ್ಲ. ಬರೆದ, ಒರೆಸಿದ, ಮತ್ತೆ ಬರೆದ. ಆಗದೆಂದು ಒಪ್ಪಿಕೊಳ್ಳಲು ಹೆಸರು ಅಡ್ಡ ಬಂತು. ಒಂದು ಬೆಳಗ್ಗೆ ಬಾಳಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಅವಳ ಮುಖವನ್ನೇ ಕದ್ದು ಬರೆದ, ಪಟದ ಮೇಲೆ ಕಂಬಳಿ ಮುಚ್ಚಿ ಹುಮನಾಬಾದಕ್ಕೆ ಸಾಗಿಸಿಬಿಟ್ಟ.

ಮಾಲೆ ಹಾಕುವುದು ಸತ್ತವರ ಪಟಕ್ಕೆ. ಬದುಕಿದ್ದವರಿಗೆ ಅದು ಅಪಶಕುನ, ವೈರಿಗೂ ಯಾರೂ ಬಯಸುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

"ಜೋಡಿಲೇ ಬರ್ರಿ," ಎಂದು ಸಾಹುಕಾರರು ಪಟಪೂಜೆಯ ಊಟಕ್ಕೆ ಹೇಳಿ ಕಳಿಸಿದರು. ಬಾಳಮ್ಮನನ್ನು ಮನೆಯಲ್ಲೇ ಬಿಟ್ಟುಹೋಗಲು ಅವನಿಗೊಂದು ನೆಪವೂ ಸಿಗಲಿಲ್ಲ.

ಎಲ್ಲರೆದುರು ಕಂಬಳಿ ಸರಿಸಿ ಪಟ ಕಂಡದ್ದೇ ಸಾಹುಕಾರರು, "ನಮ್ಮವ್ವನೇ!" ಎಂದು ಅತ್ತರು. ಹಿರಿಯರೆಲ್ಲ ಹೌದು ಹೌದೆಂದರು. ಸಾಹುಕಾರ ಅತ್ತ ಮೇಲೆ ಅಲ್ಲವೆನ್ನುವ ಗಂಡಸು ಯಾರಿದ್ದ? ಸೇವಂತಿಗೆ ಮಾಲೆ ಬಿತ್ತು. ಜನ ಸಾಲಾಗಿ ಬಂದು ಹೂವು ಹಾಕಿ ಕೈಮುಗಿದರು.

ಬಾಳಮ್ಮನ ಸರದಿ ಬಂತು. ಪಟ ನೋಡಿದಳು, ಗಂಡನನ್ನು ನೋಡಿದಳು. ಅವಳು ಬಾಯಿ ಬಿಟ್ಟರೆ ಇಷ್ಟು ವರ್ಷ ಗಳಿಸಿದ ಹೆಸರೆಲ್ಲ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಅವಳು ಯಾರಿಗೂ ಮುಖ ಕಾಣದಂತೆ ಸೆರಗನ್ನು ಹಣೆಯಿಂದ ಕೆಳಗೆಳೆದುಕೊಂಡಳು. ತನ್ನ ಪಟಕ್ಕೆ ತಾನೇ ಹೂವು ಹಾಕಿ ಕೈಮುಗಿದಳು.

ಬಸ್ಸಿಳಿದು ಗುಡ್ಡ ಹತ್ತುವಾಗ ಅವನು ತಡೆಯಲಾರದೆ ಬಾಯಿಬಿಟ್ಟ.

"ತಪ್ಪಾತು ಬಾಳೂ. ನಾಳಿಗೇ ನಿಂದೊಂದು ಚಿತ್ರ ಬರೀತೀನಿ."

"ಇನ್ಯಾಕ ಬಿಡ್ರಿ. ಬರದದ್ದೂ ಆತು, ಮಾಲಿ ಬಿದ್ದದ್ದೂ ಆತು."

ನಾಲ್ಕು ಹೆಜ್ಜೆ ಹೋಗಿ, ಬರಿಯ ಮೂಗನ್ನು ಒಮ್ಮೆ ಮುಟ್ಟಿಕೊಂಡಳು.

"ಆದ್ರ ನತ್ತು ನನಗ ಭಾಳ ಒಪ್ಪಿತ್ತು ನೋಡ್ರಿ," ಎಂದಳು.

ಅಮೋಘಸಿದ್ದಪ್ಪ ನಾಚಿಕೆಯಿಂದ ಕುಗ್ಗಿಹೋದ. ಮನೆ ಮುಟ್ಟುವವರೆಗೂ ಅವಳ ಹಿಂದೆಯೇ ನಡೆದ, ಎದುರಾಗಿ ಮುಖ ನೋಡಬೇಕಾದೀತೆಂದು.