ತುದಿಯ ಹೆಸರು

ಇಸ್ತ್ರಿಯವಳನ್ನು ವಾರವಿಡೀ ಲಾಂಡ್ರಿಯ ಗೇಟಿನಲ್ಲೇ ತಡೆದು, ಹೇಳದೆ ಕೇಳದೆ ಗೈರಾದಳೆಂದು ಬರೆದು, ಕೆಲಸದಿಂದ ತೆಗೆದರು.

ಅವಳು ದಿನವೂ ಬಂದಿದ್ದಳು. ಕಾವಲಿನವನು ಗೇಟಿನ ಕಂಪ್ಯೂಟರ್ ಪರದೆಯತ್ತ ಬೊಟ್ಟು ಮಾಡಿ, ಹೆಸರಿಲ್ಲವಲ್ಲ ಅಕ್ಕ, ನಾನೇನು ಮಾಡಲಿ ಎನ್ನುತ್ತಿದ್ದ. ಅವಳು ಎದುರಿನ ಫುಟ್‌ಪಾತಿನಲ್ಲಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು, ಪಾಳಿ ಬಿಟ್ಟವರ ಜೊತೆಗೇ ಮನೆಗೆ ಹೋಗುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಅವಳನ್ನು ತೆಗೆದ ಮರುದಿನ ಬಟ್ಟೆ ಮಡಚುವವಳಿಗೂ ಗೇಟು ತೆರೆಯಲಿಲ್ಲ. ಇವಳು ಫುಟ್‌ಪಾತಿನಲ್ಲಿ ಕೂರುವ ಪೈಕಿಯಲ್ಲ. ಕಾವಲಿನವನನ್ನು ಪಕ್ಕಕ್ಕೆ ದೂಡಿ, ಮೆಟ್ಟಿಲು ಹತ್ತಿ, ಗೇಟಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಹುಡುಗಿಯ ಮೇಜಿನ ಮುಂದೆ ನಿಂತಳು.

"ನಿನ್ನೆತನಕ ಇಸ್ತ್ರಿಯವಳು ದಿನಾ ಬಂದು ಗೇಟಲ್ಲೇ ನಿಂತಳು, ಇವತ್ತು ನಾನು. ನಿನ್ನ ಯಂತ್ರ ಬಾಲದಿಂದ ತಿನ್ಕೊಂಡು ಬರ್ತಿದೆಯೇನೇ ತಾಯಿ?"

ಹುಡುಗಿ ಗೇಟಿನ ಪ್ರೋಗ್ರಾಮಿನ ಕೋಡು ತೆರೆದಳು. ಪಾಳಿಯವರ ಹೆಸರುಗಳನ್ನು ಅಲ್ಪವಿರಾಮವಿಟ್ಟು ಒಂದೇ ಸಾಲಾಗಿ ಪೋಣಿಸಿ ಗೇಟಿಗೆ ಕಳಿಸುವುದು ಅವಳ ಕೋಡಿನ ಕೆಲಸ. ಪ್ರತಿ ಹೆಸರಿನ ನಂತರವೂ ಒಂದು ಅಲ್ಪವಿರಾಮ ಬೀಳುತ್ತಿದ್ದುದರಿಂದ ಸಾಲಿನ ತುದಿಯಲ್ಲಿ ಒಂದು ಸುಮ್ಮನೆ ನೇತಾಡುತ್ತಿತ್ತು. ಕಣ್ಣಿಗೆ ಚುಚ್ಚುತ್ತದೆಂದು ಕಳೆದ ವಾರ ಅದನ್ನು ಕತ್ತರಿಸಿದ್ದಳು. ಕತ್ತರಿ ಅಷ್ಟಕ್ಕೇ ನಿಲ್ಲದೆ ಹಿಂದಿದ್ದ ಹೆಸರನ್ನೂ ಕೊಯ್ದಿತ್ತು. ಹೊಸದಾಗಿ ಸೇರಿದವರು ಯಾವಾಗಲೂ ತುದಿಯಲ್ಲಿ. ತುದಿಯವಳನ್ನು ತೆಗೆದೊಡನೆ ಅವಳ ಹಿಂದಿನವಳು ಕತ್ತರಿಯ ಬಾಯಿಗೆ ಬಂದಿದ್ದಳು.

ಹುಡುಗಿ ಎದ್ದಳು, ಕೂತಳು, ಮತ್ತೆ ಎದ್ದು ಕೂತಳು. ಹೆಸರುಗಳ ನಡುವೆ ಮಾತ್ರ ಅಲ್ಪವಿರಾಮ ಬೀಳುವಂತೆ ಕೋಡು ತಿದ್ದಿದಳು. ಕಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ಕಳೆದ ವಾರದ ಸಾಲುಗಳನ್ನೂ ಮತ್ತೆ ಕಟ್ಟಿದಳು. ಪ್ರತಿದಿನದ ತುದಿಯಲ್ಲೂ ಇಸ್ತ್ರಿಯವಳಿದ್ದಳು.

ಮ್ಯಾನೇಜರು ಬಂದು, ಹುಡುಗಿಯ ಹಿಂದೆ ನಿಂತು ಅದನ್ನು ಓದಿದರು. ಬಟ್ಟೆ ಮಡಚುವವಳು ಒಳಗೆ ಹೋಗಬಹುದು ಎಂದರು. ಅವಳು ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು.

"ಪ್ರೋಗ್ರಾಂ ಇವತ್ತಷ್ಟೇ ಕೆಟ್ಟಿತ್ತು ಅಂತ ಬರಿ," ಎಂದರು ಮ್ಯಾನೇಜರು. "ಇಸ್ತ್ರಿಯವಳ ಫೈಲು ಮುಚ್ಚಿಯಾಯ್ತು."

ತಪ್ಪು ತನ್ನದು, ಅವಳು ದಿನವೂ ಬಂದಿದ್ದಾಳೆ, ಕಾವಲಿನವನನ್ನೇ ಕೇಳಿ ಎಂದಳು ಹುಡುಗಿ. ಅಂಥವರಿಗೆ ಎಲ್ಲಾದರೂ ಕೆಲಸ ಸಿಗುತ್ತದೆ, ಮೇಲಿನವರಿಗೆ ತಾನು ಏನೆಂದು ಹೇಳಲಿ ಎಂದು ಅವರು ಕುರ್ಚಿ ಎಳೆದು ಕೂತರು. ದನಿ ತಗ್ಗಿಸಿದರು.

"ನೋಡಮ್ಮ, ಈ ಆಫೀಸಿನ ಸಾಲಲ್ಲಿ ತುದೀಲಿರೋದು ಯಾರು, ಗೊತ್ತಲ್ಲ?"

"ನಾನೇ ಸಾರ್."

ಬಾಗಿಲಲ್ಲಿ ಬಟ್ಟೆ ಮಡಚುವವಳು ಕದಲಲಿಲ್ಲ. ಹುಡುಗಿಯ ಕಾಲು ಕುಣಿಯುವುದು ನಿಂತಿತ್ತು. ಅವಳು ಕೀಬೋರ್ಡಿನ ಮೇಲಿನ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಬರೆಯಲ್ಲ," ಎಂದಳು.